ಒಂದು ‘ಪರವಾಗಿಲ್ಲ’ದ ಪರ–ವಿರೋಧ

ಪೇಟೆ ಬೀದಿಯ ಬಸ್ ನಿಲ್ದಾಣಕ್ಕೆ ಎದುರಾಗಿ ಚಪ್ಪಲಿ ಅಂಗಡಿ ಇಟ್ಟಿದ್ದವನನ್ನು ಬೀದಿಯವರು ಎದುರಿಗೆ ಚಪ್ಪಲಿಯಣ್ಣ ಎಂದೂ ಬೆನ್ನ ಹಿಂದೆ ಪರವಾಗಿಲ್ಲಣ್ಣ ಎಂದೂ ಕರೆಯುತ್ತಿದ್ದರು. ಎರಡೂ ಅವನಿಗೆ ಗೊತ್ತಿತ್ತು, ಎರಡಕ್ಕೂ ಓಗೊಡುತ್ತಿದ್ದ. ವ್ಯಾಪಾರ ಹೇಗಿದೆ ಅಂದರೆ ಪರವಾಗಿಲ್ಲ. ಮೈಯಲ್ಲಿ ಹುಷಾರಾ ಅಂದರೆ ಪರವಾಗಿಲ್ಲ. ಅಂಗಡಿಯ ಸೂರು ಸೋರಿ ಹೊಸ ಮಾಲೆಲ್ಲ ತೊಯ್ದು ತೊಪ್ಪೆಯಾದ ದಿನವೂ, ಬಾಗಿಲಲ್ಲಿ ನಿಂತು ಲೊಚಗುಟ್ಟುತ್ತಿದ್ದವರಿಗೆ ಪೆಟ್ಟಿಗೆಯಿಂದ ನೀರು ಬಗ್ಗಿಸುತ್ತಾ ಅವನು ಹೇಳಿದ್ದು ಅದನ್ನೇ. ಮದುವೆಯಾದ ಹೊಸದರಲ್ಲಿ ಹೆಂಡತಿ ಮೊದಲ ಸಲ ಬಡಿಸಿದ ಊಟಕ್ಕೆ ಅವನು ಕೊಟ್ಟ ಪ್ರಶಸ್ತಿಯೂ ಅದೇ. ಆಕೆ ಅದನ್ನು ಇನ್ನೂ ಮರೆತಿಲ್ಲ. ನೆನಪಾದ ದಿನ ಮನೆಯಲ್ಲಿ ಉಪ್ಪು ಸ್ವಲ್ಪ ಜಾಸ್ತಿ ಬೀಳುತ್ತದೆ.

ಗಿರಾಕಿಯ ಬಾಯಲ್ಲಿ ಅದೇ ಮಾತು ಬಂದಾಗ ಮಾತ್ರ ಅವನ ಕಿವಿ ನಿಮಿರುತ್ತಿತ್ತು. ಹೊಸ ಚಪ್ಪಲಿಗೆ ಕಾಲು ತೂರಿಸಿ, ನಾಲ್ಕು ಹೆಜ್ಜೆ ಹಾಕಿ, ಕನ್ನಡಿಗೆ ಪಾದ ತೋರಿಸಿ ‘ಪರವಾಗಿಲ್ಲ’ ಅನ್ನುವವರಲ್ಲಿ ಕೊಳ್ಳುವವರ ಧಾಟಿ ಬೇರೆ, ನುಣುಚಿಕೊಳ್ಳುವವರ ಧಾಟಿ ಬೇರೆ. ಕೊಳ್ಳುವವರು ಕೊನೆಯ ‘ಇಲ್ಲ’ವನ್ನು ಉದ್ದಕ್ಕೆ ಎಳೆಯುತ್ತಾರೆ, ಚೌಕಾಸಿಗೆ ಜಾಗ ಇರಲಿ ಎಂದು. ಕೊಳ್ಳದವರು ಅದನ್ನು ಗಕ್ಕನೆ ನುಂಗಿ ಬಾಗಿಲ ಕಡೆ ನೋಡುತ್ತಾರೆ. ಕಾಲ್ಬೆರಳು ಮಡಚಿಕೊಂಡು ಹೇಳಿದರೆ ಚಪ್ಪಲಿ ಚಿಕ್ಕದಾಗಿದೆ, ಬಾಯಿಬಿಡಲು ಸಂಕೋಚ. ಹೀಗೆ ಊರವರ ಪರವಾಗಿಲ್ಲವನ್ನೆಲ್ಲ ಬಿಡಿಸಿ ಓದುತ್ತಿದ್ದವನು ತನ್ನದನ್ನು ಒಮ್ಮೆಯೂ ಬಿಡಿಸಿ ನೋಡಿದವನಲ್ಲ.

ಕೂತಲ್ಲಿ ಕೂರುವ ಜೀವವೂ ಅಲ್ಲ ಅದು. ಗಿರಾಕಿ ಇದ್ದರೆ ಏಣಿ ಹತ್ತಿ ಇಳಿಯುವುದು, ಇಲ್ಲದಿದ್ದರೆ ಹತ್ತಿ ಇಳಿದದ್ದು ಸರಿಯಾಗಿದೆಯೇ ಎಂದು ಮತ್ತೊಮ್ಮೆ ಹತ್ತುವುದು. ಬಸ್ಸಿನ ಸದ್ದು ಕೇಳಿದರೆ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದ. ಬಸ್ಸಿನಿಂದ ಇಳಿಯುವವರ ಮುಖವನ್ನು ಅವನು ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಇಳಿಯುವ ನೂಕುನುಗ್ಗಲಿನಲ್ಲಿ ಹಿಂದಿನವರು ಮುಂದಿನವರ ಹಿಮ್ಮಡಿ ತುಳಿಯುತ್ತಾರೆ, ಬಾರು ಕಿತ್ತು ಕೈಗೆ ಬರುತ್ತದೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲಿಗೆ ಡಾಂಬರು. ಎದುರಿಗೇ ಅಂಗಡಿ. ಇಂಥ ಜಾಗ ಹುಡುಕಿ ಬಾಡಿಗೆ ಹಿಡಿದದ್ದು ತನ್ನ ಜಾಣತನ ಎಂದು ಅವನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಬಸ್ಸಿನವರ ಕಿವಿಗೆ ಬಿದ್ದೀತು ಎಂಬ ಹೆದರಿಕೆ.

ಅದೇ ಬಸ್ಸಿನಿಂದ ವಾರಕ್ಕೊಂದು ದಿನ ಅವನ ಅಕ್ಕ ಇಳಿಯುತ್ತಿದ್ದಳು. ಅವಳ ಮನೆ ಊರಿನ ಇನ್ನೊಂದು ತುದಿಯಲ್ಲಿ. ಮಂಡಿ ಸವೆದು ಹೋಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಇಳಿದವಳು ಮೊದಲು ತಮ್ಮನ ಅಂಗಡಿಗೆ ಬಂದು, ಗಿರಾಕಿಗಳು ಚಪ್ಪಲಿ ಹಾಕಿ ನೋಡುವ ಬೆಂಚಿನ ಮೇಲೆ ಕೂತು, ನೀರು ಕುಡಿದು, ಮನೆಯ ಸುದ್ದಿಯನ್ನೂ ಬೇರೆಯವರ ಮನೆಯ ಸುದ್ದಿಯನ್ನೂ ಒಪ್ಪಿಸಿ, ಆಮೇಲೆ ಎದ್ದು ಬೀದಿಯುದ್ದಕ್ಕೂ ನಡೆದು ಆಸ್ಪತ್ರೆಗೆ ಹೋಗುತ್ತಿದ್ದಳು. ಆ ಹೊತ್ತು ಮಾತ್ರ ಅವನು ಏಣಿ ಹತ್ತುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನಿಲ್ದಾಣದ ಕಂಬಕ್ಕೆ ನಗರಸಭೆಯವರು ಪ್ರಕಟಣೆ ಅಂಟಿಸಿ ಹೋದರು. ಬೀದಿಯಲ್ಲಿ ವಾಹನಗಳ ಇಕ್ಕಟ್ಟು ಹೆಚ್ಚಿದೆ, ನಿಲ್ದಾಣವನ್ನು ಇಲ್ಲಿಂದ ತೆಗೆದು ದೊಡ್ಡಾಸ್ಪತ್ರೆಯ ಗೇಟಿಗೆ ಸಾಗಿಸುವ ಪ್ರಸ್ತಾವವಿದೆ, ಸಾರ್ವಜನಿಕರು ಸಭೆಗೆ ಬಂದು ಅಭಿಪ್ರಾಯ ತಿಳಿಸಬೇಕು ಎಂದಿತ್ತು. ಅಂಟು ಇನ್ನೂ ಹಸಿಯಾಗಿತ್ತು. ಚಪ್ಪಲಿಯಣ್ಣ ಓದಿದ, ರಸ್ತೆ ದಾಟಿ ಬಂದ, ಮತ್ತೆ ರಸ್ತೆ ದಾಟಿ ಹೋಗಿ ಓದಿದ. ಎರಡನೇ ಸಲವೂ ಅದರಲ್ಲಿ ಬರೆದಿದ್ದದ್ದು ಅದೇ.

ಆ ಸಂಜೆ ಬೀದಿಯ ವ್ಯಾಪಾರಿಗಳೆಲ್ಲ ಪಾತ್ರೆ ಅಂಗಡಿಯಲ್ಲಿ ಸೇರಿದರು. ಪಾತ್ರೆ ಯಜಮಾನರು ಬೀದಿಗೇ ಹಿರಿಯರು, ಅವರ ಗಂಟಲೂ ಅವರ ಸರಕಿನ ಹಾಗೆ ಖಣಖಣ. ಸಭೆಗೆ ಹೋಗಿ ಅಯ್ಯೋ ನಮ್ಮ ವ್ಯಾಪಾರ ಎಂದು ಯಾರೂ ಬಾಯಿಬಡಿದುಕೊಳ್ಳಬಾರದು ಎಂದು ಅವರು ಮೊದಲೇ ತಾಕೀತು ಮಾಡಿದರು. ವ್ಯಾಪಾರಿ ವ್ಯಾಪಾರದ ಮಾತು ಎತ್ತಿದ ತಕ್ಷಣ ಅಧಿಕಾರಿಗಳು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರಂತೆ. ಮಕ್ಕಳು ಅನ್ನಬೇಕು, ವಯಸ್ಸಾದವರು ಅನ್ನಬೇಕು, ನಿಲ್ದಾಣದ ಪಕ್ಕದ ಮರದ ನೆರಳು ಅನ್ನಬೇಕು. ಮುಖ್ಯವಾಗಿ ಇಡೀ ಬೀದಿ ಒಂದೇ ದನಿಯಲ್ಲಿ ಬೇಡ ಅನ್ನಬೇಕು. ಒಂದೇ ಒಂದು ಅಪಸ್ವರ ಬಂದರೂ ಕೆಟ್ಟಿತು. ಮರದ ಪಾಲು ಗಡಿಯಾರದಂಗಡಿಯವನಿಗೆ ಬಂತು. ತನ್ನ ಬೋರ್ಡು ಮುಚ್ಚುತ್ತದೆಂದು ಆ ಮರದ ಕೊಂಬೆಗಳನ್ನು ವರ್ಷ ವರ್ಷ ಕಡಿಸುತ್ತಿದ್ದವನು ಅವನೇ, ಆದ್ದರಿಂದ ಮರದ ವಿಷಯ ಅವನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ವಯಸ್ಸಾದವರನ್ನು ಯಜಮಾನರು ತಾವೇ ಇಟ್ಟುಕೊಂಡರು. ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ಯಾರಾದರೂ ಮುದುಕರು ಕೂತರೆ ತಟ್ಟೆ ಬಡಿದು ಎಬ್ಬಿಸುವುದು ಅವರ ದಿನಚರಿ. ಉಳಿದದ್ದು ಮಕ್ಕಳು, ಅವರು ಚಪ್ಪಲಿಯಣ್ಣನ ಪಾಲಿಗೆ ಬಂದರು.

“ಶಾಲೆ ಬಿಟ್ಟ ಮಕ್ಕಳು ಆಸ್ಪತ್ರೆ ಗೇಟಲ್ಲಿ ಇಳಿದ್ರೆ ರೋಗ ಅಂಟ್ಕೊಳ್ತದೆ ಅನ್ನು. ಅಷ್ಟು ಸಾಕು,” ಎಂದರು ಯಜಮಾನರು. “ಏನಂತೀಯಾ?”

“ಪರವಾಗಿಲ್ಲ,” ಅಂದ ಚಪ್ಪಲಿಯಣ್ಣ.

ಸಭೆ ನಡೆದದ್ದು ಶಾಲೆಯ ದೊಡ್ಡ ಕೋಣೆಯಲ್ಲಿ. ಮಕ್ಕಳ ಬೆಂಚು. ದೊಡ್ಡವರೆಲ್ಲ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಒಂದು ಬದಿಗೆ ಪೇಟೆ ಬೀದಿ, ಇನ್ನೊಂದು ಬದಿಗೆ ಆಸ್ಪತ್ರೆಗೆ ಓಡಾಡುವವರು. ನಡುವೆ ಓಣಿ ಬಿಟ್ಟ ಹಾಗೆ ಜಾಗ. ಸಾರಿಗೆ ಅಧಿಕಾರಿ ಒಬ್ಬ ಹೆಂಗಸು. ನಿದ್ದೆಗೆಟ್ಟ ಕಣ್ಣು, ಆದರೆ ಯಾರು ಮಾತಾಡಿದರೂ ಅವರ ಕಡೆ ಪೂರ್ತಿ ತಿರುಗಿ ಕೇಳುತ್ತಿದ್ದರು. ಮೇಜಿನ ಮೇಲೆ ಮಾತು ಹಿಡಿಯುವ ಪುಟ್ಟ ಯಂತ್ರ. ಇಲ್ಲಿ ಕೈ ಎತ್ತಿಸಿ ಎಣಿಸುವುದಿಲ್ಲ, ಯಾರು ಏನಂದರು, ಯಾಕೆ ಅಂದರು ಎಂದು ಮೇಲಿನವರಿಗೆ ವರದಿ ಕಳಿಸುತ್ತೇವೆ, ತೀರ್ಮಾನ ಅವರದು ಎಂದು ಆಕೆ ಮೊದಲೇ ಹೇಳಿದರು. ಯಜಮಾನರು ಪಕ್ಕದವನ ಪಕ್ಕೆ ತಿವಿದರು: ನೋಡಿದೆಯಾ, ಒಂದೇ ದನಿ ಇರಬೇಕು ಅಂದಿದ್ದು ಇದಕ್ಕೇ.

ಯಜಮಾನರು ವಯಸ್ಸಾದವರ ಬಗ್ಗೆ ಎಷ್ಟು ಕರುಣಾಜನಕವಾಗಿ ಮಾತಾಡಿದರೆಂದರೆ ಅವರ ಕಣ್ಣೇ ಒದ್ದೆಯಾಯಿತು. ಗಡಿಯಾರದಂಗಡಿಯವನು ಮರವನ್ನು ತಬ್ಬಿಕೊಳ್ಳುವುದೊಂದು ಬಾಕಿ. ಆಮೇಲೆ ಆ ಬದಿಯಿಂದ ಊರುಗೋಲು ಹಿಡಿದ ಒಬ್ಬ ಹೆಂಗಸು ಎದ್ದು, ಆಸ್ಪತ್ರೆಯಿಂದ ಬಸ್ಸಿಗೆ ನಡೆಯುವಷ್ಟರಲ್ಲಿ ಮಾಡಿಸಿಕೊಂಡ ಚಿಕಿತ್ಸೆಯೆಲ್ಲ ದಾರಿಯಲ್ಲೇ ಸುರಿದು ಹೋಗುತ್ತದೆ ಎಂದಷ್ಟೇ ಹೇಳಿ ಕೂತಳು. ಕೂರುವುದಕ್ಕೇ ಅವಳಿಗೆ ಬಹಳ ಹೊತ್ತು ಹಿಡಿಯಿತು. ಇಡೀ ಕೋಣೆ ಅದನ್ನು ನೋಡುತ್ತಾ ಕಾಯಿತು.

ಚಪ್ಪಲಿಯಣ್ಣನ ಸರದಿ ಬಂದದ್ದು ಆಗಲೇ. ಮೈಕು ಕೈಗೆ ಬಂತು. ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದ ಶಾಲೆಯ ಮಕ್ಕಳೆಲ್ಲ ಚೆಲ್ಲಾಪಿಲ್ಲಿಯಾಗಿ ಓಡಿಹೋದರು. ಅಕ್ಕನ ಮಂಡಿ ಕಣ್ಣ ಮುಂದೆ ಬಂತು, ಅದರ ಹಿಂದೆಯೇ ಖಾಲಿ ಅಂಗಡಿ. ಈ ಪ್ರಸ್ತಾವದ ಬಗ್ಗೆ ನಿಮ್ಮ ಅಭಿಪ್ರಾಯ ಏನು ಎಂದು ಅಧಿಕಾರಿ ಕೇಳಿದರು. ಬಾಯಿ ತನ್ನಷ್ಟಕ್ಕೆ ತನಗೆ ಗೊತ್ತಿದ್ದ ದಾರಿ ಹಿಡಿಯಿತು. ‘ಪರವಾಗಿ’ ಅನ್ನುವಷ್ಟರಲ್ಲಿ ಹಲಗೆಯ ಸೀಮೆಸುಣ್ಣದ ಧೂಳು ಗಂಟಲಿಗೆ ಹೋಗಿ ಒಂದು ಕೆಮ್ಮು. ಕೆಮ್ಮು ಮುಗಿದ ಮೇಲೆ ‘ಇಲ್ಲ’. ಮೈಕನ್ನು ಪಕ್ಕದವನಿಗೆ ಬಿಸಿ ಪಾತ್ರೆ ದಾಟಿಸಿದಂತೆ ದಾಟಿಸಿ ಕೂತುಬಿಟ್ಟ.

ಸಭೆ ಮುಗಿಯುವ ಮೊದಲು ಗುಮಾಸ್ತ ಎಲ್ಲರ ಅಭಿಪ್ರಾಯದ ಸಾರ ಓದಿದ. ಪೇಟೆ ಬೀದಿಯ ಪಾತ್ರೆ ವ್ಯಾಪಾರಿ, ವಿರೋಧ. ಗಡಿಯಾರದ ವ್ಯಾಪಾರಿ, ವಿರೋಧ. ಚಪ್ಪಲಿ ವ್ಯಾಪಾರಿ, ಆಕ್ಷೇಪವಿಲ್ಲ. ಆ ಬದಿಯಿಂದ ಯಾರೋ ಚಪ್ಪಾಳೆ ತಟ್ಟಿದರು. ಈ ಬದಿಯವರೆಲ್ಲ ಒಟ್ಟಿಗೆ ಚಪ್ಪಲಿಯಣ್ಣನ ಕಡೆ ತಿರುಗಿದರು. ಹೊರಗೆ ಬಂದ ಮೇಲೆ ಗಡಿಯಾರದವನು ಅವನನ್ನು ಮನೆಮುರುಕ ಅಂದ. ಯಜಮಾನರು ಬೈಯಲಿಲ್ಲ, ಅದು ಇನ್ನೂ ಕೆಟ್ಟದ್ದು. ಅವರು ಯೋಚನೆ ಮಾಡುತ್ತಿದ್ದರು.

ಮರುದಿನ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಯಜಮಾನರು ಬಂದು ನಿಂತಿದ್ದರು, ಮುಖದಲ್ಲಿ ಹೊಸ ಪಾತ್ರೆಯ ಹೊಳಪು.

“ನೀನು ‘ಪರವಾಗಿ’ ಅಂದೆ. ಆಮೇಲೆ ‘ಇಲ್ಲ’ ಅಂದೆ. ಅಂದ್ರೆ ಏನಾಯ್ತು? ನೀನು ಪ್ರಸ್ತಾವದ ಪರವಾಗಿ ಇಲ್ಲ. ವಿರೋಧ. ಆ ಗುಮಾಸ್ತನಿಗೆ ಕನ್ನಡ ಬರಲ್ಲ ಅಷ್ಟೇ. ನಡಿ.”

ಚಪ್ಪಲಿಯಣ್ಣನಿಗೆ ಈ ಅರ್ಥ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ತನ್ನ ಬಾಯಲ್ಲಿ ಓಡಾಡಿಕೊಂಡಿದ್ದ ಮಾತಿನ ಹೊಟ್ಟೆಯೊಳಗೆ ಇಂಥದ್ದೊಂದು ಇದೆ ಎಂದು ತಿಳಿದು ಅವನಿಗೆ ಕಾಲಡಿಯ ನೆಲವೇ ಸ್ವಲ್ಪ ಸರಿದಂತಾಯಿತು. ಇಬ್ಬರೂ ನಗರಸಭೆಗೆ ಹೋದರು. ಅಧಿಕಾರಿ ತಕರಾರನ್ನು ಮುಗುಳ್ನಗದೆ ಕೇಳಿದರು, ಅದಕ್ಕೆ ಆಕೆ ಪಟ್ಟ ಕಷ್ಟ ತುಟಿಯ ಅಂಚಿನಲ್ಲಿ ಕಾಣುತ್ತಿತ್ತು. ಆಮೇಲೆ ಯಂತ್ರ ತರಿಸಿ ಆ ಜಾಗಕ್ಕೆ ಓಡಿಸಿದರು. ಕಚೇರಿಯ ಮೂಲೆಮೂಲೆಯಿಂದ ಜನ ಎದ್ದು ಬಂದು ಮೇಜಿನ ಸುತ್ತ ನಿಂತರು. ಪರವಾಗಿ, ಕೆಮ್ಮು, ಇಲ್ಲ. ಇನ್ನೊಮ್ಮೆ ಹಾಕಿ ಅಂದರು ಯಜಮಾನರು. ಪರವಾಗಿ, ಕೆಮ್ಮು, ಇಲ್ಲ. ನಡುವೆ ಬಿಡುವು ಇದೆ ಎಂದು ಯಜಮಾನರು, ಬಿಡುವಲ್ಲ ಅದು ಕೆಮ್ಮು ಎಂದು ಗುಮಾಸ್ತ. ಕೆಮ್ಮಿಗೆ ಮೊದಲೇ ಬಿಡುವಿತ್ತೋ ಕೆಮ್ಮಿನಿಂದ ಬಿಡುವು ಹುಟ್ಟಿತೋ ಎಂದು ಟಪಾಲು ವಿಭಾಗದವನೊಬ್ಬ ಕೇಳಿದ. ಅಲ್ಲಿಗೆ ಕಚೇರಿಯೇ ಎರಡು ಪಕ್ಷವಾಯಿತು. ತನ್ನದೇ ದನಿಯನ್ನು ಮೊದಲ ಸಲ ಹೊರಗಿನಿಂದ ಕೇಳಿದ ಚಪ್ಪಲಿಯಣ್ಣ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದ. ಎಂಥ ಗಿರಾಕಿ ಈ ದನಿಯವನು, ಅಂಗಡಿಗೆ ಬಂದಿದ್ದರೆ ಕೊಳ್ಳುವವನೋ ನುಣುಚಿಕೊಳ್ಳುವವನೋ ಹೇಗೆ ತಿಳಿಯಬೇಕಿತ್ತು, ಅನ್ನಿಸಿತು.

ಅಧಿಕಾರಿ ಯಂತ್ರ ನಿಲ್ಲಿಸಿ ಅವನ ಕಡೆ ಪೂರ್ತಿ ತಿರುಗಿದರು.

“ಮಾತು ನಿಮ್ಮದು. ನೀವೇ ಹೇಳಿಬಿಡಿ, ಏನು ಹೇಳೋಕೆ ಹೊರಟಿದ್ರಿ?”

ಯಜಮಾನರ ಉಸಿರು ಅವನ ಕುತ್ತಿಗೆಗೆ ತಾಗುತ್ತಿತ್ತು. ಚಪ್ಪಲಿಯಣ್ಣ ಯೋಚಿಸಿ ಹೇಳುತ್ತೇನೆ ಅಂದ. ಸರಿ, ವರದಿ ಕಳಿಸುವ ಮೊದಲು ಇನ್ನೊಂದು ಸಭೆ ಇಡುತ್ತೇನೆ, ಸ್ಪಷ್ಟನೆ ಕೊಡುವವರೆಲ್ಲ ಕೊಡಲಿ ಎಂದರು ಆಕೆ. ಒಂದು ಕೆಮ್ಮಿಗೆ ಒಂದು ಸಭೆ ಎಂದು ಟಪಾಲಿನವನು ಹೇಳಿದ್ದು ಬಾಗಿಲು ದಾಟಿದ ಮೇಲೂ ಕೇಳಿಸಿತು.

ಆ ವಾರ ಅಕ್ಕ ಬಂದಳು. ಬೆಂಚಿನ ಮೇಲೆ ಕೂತವಳ ಮುಖ ಅರಳಿತ್ತು. ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುವವರದೆಲ್ಲ ಅದೇ ಮಾತಂತೆ. ಪೇಟೆ ಬೀದಿಯ ಒಬ್ಬ ಪುಣ್ಯಾತ್ಮ ತನ್ನ ವ್ಯಾಪಾರವನ್ನೂ ಲೆಕ್ಕಿಸದೆ ಕಾಲು ನೋವಿನವರ ಕಡೆ ಮಾತಾಡಿದ್ದಾನಂತೆ. ಅವನು ನನ್ನ ತಮ್ಮ ಕಣ್ರೀ ಎಂದು ಇವಳು ಎಲ್ಲರಿಗೂ ಹೇಳಿಕೊಂಡಿದ್ದಳು. ಕೇಳಿದವರೊಬ್ಬರು ಎದ್ದು ಇವಳಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಿದ್ದರು.

ಚಪ್ಪಲಿಯಣ್ಣ ಎದ್ದು ಏಣಿ ಹತ್ತಿದ. ಮೇಲೆ ಮಾಡುವಂಥದ್ದೇನೂ ಇರಲಿಲ್ಲ. ಒಂದು ಪೆಟ್ಟಿಗೆಯನ್ನು ಎಡಕ್ಕೆ ಸರಿಸಿದ, ಅದನ್ನೇ ಬಲಕ್ಕೆ ಸರಿಸಿದ.

“ಇಳಿಯೋ,” ಅಂದಳು ಅಕ್ಕ.

ಇಳಿದ.

“ಚಿಕ್ಕವನಿದ್ದಾಗ ನನ್ನ ಹಳೇ ಶೂ ಹಾಕ್ಕೊಂಡು ಶಾಲೆಗೆ ಹೋಗ್ತಿದ್ದೆ. ಹುಡುಗಿ ಶೂ ಅಂತ ಎಲ್ಲರೂ ನಗ್ತಿದ್ರು. ಹೇಗಿದೆ ಮಗಾ ಅಂತ ಅಪ್ಪ ಕೇಳಿದ್ರೆ ಪರವಾಗಿಲ್ಲ ಅಂತಿದ್ದೆ. ಅಪ್ಪ ಪಾಪ ನಂಬ್ತಿದ್ರು. ನಾನು ಯಾವತ್ತೂ ನಂಬಿರಲಿಲ್ಲ. ಈಗ ಹೇಳು, ಸಭೆಯಲ್ಲಿ ಏನಂದೆ?”

“ನನಗೇ ಗೊತ್ತಿಲ್ಲ ಅಕ್ಕ.”

ಅವಳ ಅರಳಿದ ಮುಖ ಸ್ವಲ್ಪ ಮುದುಡಿತು, ಪೂರ್ತಿ ಮುಚ್ಚಲಿಲ್ಲ. “ಹಾಗಾದ್ರೆ ಗೊತ್ತು ಮಾಡ್ಕೋ. ಮುಂದಿನ ಸಭೆಗೆ ನಾನೂ ಬರ್ತೀನಿ,” ಎಂದು ಎದ್ದು ಹೊರಟಳು.

ಅವಳು ಹೋದ ಮೇಲೆ ಅವನಿಗೆ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ. ಬಾಗಿಲು ಅರ್ಧ ಎಳೆದು, ಅವಳಿಗೆ ಕಾಣದಂತೆ ಹಿಂದೆ ಹಿಂದೆ ನಡೆದ. ಇಷ್ಟು ಕಾಲ ಅವಳು ಬಸ್ಸಿನಿಂದ ಇಳಿಯುವುದನ್ನು ನೋಡಿದ್ದನೇ ಹೊರತು ಆಸ್ಪತ್ರೆಗೆ ನಡೆಯುವುದನ್ನು ನೋಡಿರಲಿಲ್ಲ. ಅವಳು ಗಡಿಯಾರದಂಗಡಿಯ ಗಾಜಿನ ಮುಂದೆ ನಿಂತಳು. ಗಡಿಯಾರಗಳನ್ನು ಒಂದೊಂದಾಗಿ ನೋಡಿದಳು. ಮುಂದೆ ಹೋಗಿ ಪಾತ್ರೆ ಅಂಗಡಿಯ ಮುಂದೆ ನಿಂತು ಬಕೆಟ್ಟುಗಳ ರಾಶಿಯನ್ನು ಬಹಳ ಆಸಕ್ತಿಯಿಂದ ನೋಡಿದಳು. ಒಂದು ಕೈ ಗೋಡೆ ಹಿಡಿದಿತ್ತು. ಅಷ್ಟು ಹೊತ್ತು ಬಕೆಟ್ಟು ನೋಡುವಂಥದ್ದು ಏನಿದೆ ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ಅರ್ಥವಾಯಿತು. ಅವಳು ಬಕೆಟ್ಟು ನೋಡುತ್ತಿರಲಿಲ್ಲ. ನೋವು ಇಳಿಯಲಿ ಎಂದು ನಿಂತಿದ್ದಳು, ನಿಂತದ್ದು ಯಾರಿಗೂ ತಿಳಿಯದಿರಲಿ ಎಂದು ಬಕೆಟ್ಟು. ಒಳಗಿನಿಂದ ಯಜಮಾನರು ಬೇಸರದಲ್ಲಿ ಮುಖ ತಿರುಗಿಸಿಕೊಂಡರು. ವಾರ ವಾರವೂ ನೋಡಿ ಒಂದು ಚಮಚವನ್ನೂ ಕೊಳ್ಳದೆ ಹೋಗುವ ಜಿಪುಣಿ ಎಂದೇ ಅವರ ಲೆಕ್ಕ. ಹೀಗೆ ಅಂಗಡಿಯಿಂದ ಅಂಗಡಿಗೆ ದಾಟಿಕೊಂಡು, ಅಂಗಡಿಗಳು ಮುಗಿದ ಮೇಲೆ ಬರೀ ಗೋಡೆಯ ಉದ್ದಕ್ಕೆ, ನೋಡಲು ಏನೂ ಇಲ್ಲದ ಕಡೆ ನಿಲ್ಲದೆಯೇ ಹಲ್ಲು ಕಚ್ಚಿಕೊಂಡು ನಡೆದು ಅವಳು ಗೇಟು ಸೇರಿದಳು.

ಅವನು ವಾಪಸ್ಸು ಓಡುವ ಹಾಗೆ ಬಂದ. ಅಂಗಡಿಯ ಮುಂದೆ ಬಾರು ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಬ್ಬ ಗಿರಾಕಿ ಕಾಯುತ್ತಿದ್ದ. ಅಕ್ಕನ ನಡಿಗೆ, ಈ ಗಿರಾಕಿ, ಎರಡೂ ಒಂದೇ ಗಂಟೆಯಲ್ಲಿ ಕಾಣಿಸಿದ್ದನ್ನು ಅವನಿಗೆ ಸಹಿಸಲಾಗಲಿಲ್ಲ.

ಮನೆಯಲ್ಲಿ ಆ ಸಂಜೆ ಅಡುಗೆ ಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆ ಮನೆಗೆ ನಡೆದ. ಹೆಂಡತಿ ತರಕಾರಿ ಹೆಚ್ಚುತ್ತಾ ಕೂತಿದ್ದಳು.

“ರೀ, ನೆಲ ನಮ್ಮದಲ್ಲ, ಬಾಡಿಗೆಯದು. ಸವೆದ್ರೆ ಮಾಲೀಕ ಕೇಳ್ತಾನೆ.”

ಅವನು ನಿಂತ. ಎಲ್ಲವನ್ನೂ ಹೇಳಿದ. ಯಜಮಾನರ ‘ಒಂದೇ ದನಿ’ ಒಂದು ಕಡೆ, ಅಕ್ಕನ ಬಕೆಟ್ಟು ಒಂದು ಕಡೆ. ಒಂದು ಹೇಳಿದರೆ ಬೀದಿಗೆ ದ್ರೋಹ, ಇನ್ನೊಂದು ಹೇಳಿದರೆ ಅಕ್ಕನಿಗೆ. ಹೆಂಡತಿ ಚಾಕು ಕೆಳಗಿಟ್ಟಳು.

“ನಿಲ್ದಾಣ ಹೋದ್ರೆ ಅಂಗಡಿ ನಡೆಯುತ್ತಾ?”

“ಕಷ್ಟ.”

“ಅಕ್ಕನ ಕಾಲು ಈಗ ನಡೆಯುತ್ತಾ?”

“ಕಷ್ಟ.”

“ಇಷ್ಟನ್ನೇ ಹೇಳಿ ಬನ್ನಿ. ಪಾತ್ರೆಯವರು ಕೊಟ್ಟ ಮಕ್ಕಳನ್ನ ನೀವ್ಯಾಕೆ ಹೊತ್ಕೊಂಡು ತಿರುಗ್ತೀರಿ?”

“ಆದ್ರೆ ಬೇಕು ಅನ್ಲಾ, ಬೇಡ ಅನ್ಲಾ?”

“ಅದನ್ನ ನಾನು ಹೇಳಿದ್ರೆ ನನ್ನ ಅಭಿಪ್ರಾಯ ಆಗುತ್ತೆ. ಅದನ್ನ ಹೇಳೋಕೆ ನನ್ನನ್ನೇ ಕರ್ಕೊಂಡು ಹೋಗಿ,” ಎಂದು ಆಕೆ ಚಾಕು ಎತ್ತಿಕೊಂಡಳು.

ಎರಡನೇ ಸಭೆಗೆ ಜನ ಮೊದಲನೆಯದಕ್ಕಿಂತ ಹೆಚ್ಚು. ಕೆಮ್ಮಿನ ಸುದ್ದಿ ಊರೆಲ್ಲ ಹರಡಿತ್ತು. ಬಸ್ಸಿಗೂ ಆಸ್ಪತ್ರೆಗೂ ಸಂಬಂಧವಿಲ್ಲದವರೂ ಬರೀ ಆ ‘ಇಲ್ಲ’ ಎಲ್ಲಿ ಬೀಳುತ್ತದೆ ಎಂದು ನೋಡಲು ಬಂದಿದ್ದರು. ಅಕ್ಕ ಆ ಬದಿಯ ಮೊದಲ ಬೆಂಚಿನಲ್ಲಿ ಕಾಲನ್ನು ಓಣಿಗೆ ನೀಡಿ ಕೂತಿದ್ದಳು. ಯಜಮಾನರು ಚಪ್ಪಲಿಯಣ್ಣನ ಪಕ್ಕದಲ್ಲೇ ಜಾಗ ಹಿಡಿದು, ಒಂದೇ ಮಾತು, ‘ನಾನು ಪರವಾಗಿ ಇಲ್ಲ’ ಎಂದು ಬಿಡಿಬಿಡಿಯಾಗಿ ಹೇಳಿ ಕೂತುಬಿಡು, ಮಕ್ಕಳನ್ನು ಬೇಕಾದರೆ ಬಿಟ್ಟುಬಿಡು ಎಂದು ಕಿವಿಯಲ್ಲಿ ಊದುತ್ತಿದ್ದರು. ಅವನ ಹೆಸರು ಕೂಗುವ ಮೊದಲೇ ಅವನು ಎದ್ದು ನಿಂತಿದ್ದ. ಕೂತಿರಲು ಆಗುತ್ತಿರಲಿಲ್ಲ ಅಷ್ಟೇ.

“ನಾನು ಆವತ್ತು ಹೇಳಿದ್ದಕ್ಕೆ ಅರ್ಥ ಇಲ್ಲ, ಅದನ್ನ ಹೊಡೆದು ಹಾಕಿ,” ಎಂದ. “ನನ್ನದು ಚಪ್ಪಲಿ ಅಂಗಡಿ. ಬಸ್ಸಿಳಿಯೋ ಗಲಾಟೆಯಲ್ಲಿ ಚಪ್ಪಲಿ ಕಿತ್ತೋಗ್ತದೆ, ಜನ ನನ್ನ ಹತ್ರ ಬರ್ತಾರೆ. ನಿಲ್ದಾಣ ಹೋದ್ರೆ ಅವರು ಬರಲ್ಲ. ಅದಕ್ಕೇ ನನಗೆ ಬೇಡ. ಮಕ್ಕಳಿಗೋಸ್ಕರ ಅಲ್ಲ, ಮರಕ್ಕೋಸ್ಕರ ಅಲ್ಲ. ನನ್ನ ಅಂಗಡಿಗೋಸ್ಕರ.”

ಯಜಮಾನರು ಮುಖಕ್ಕೆ ಕರವಸ್ತ್ರ ಒತ್ತಿಕೊಂಡರು. ಗುಮಾಸ್ತನ ಪೆನ್ನು ಓಡುತ್ತಿತ್ತು. ಚಪ್ಪಲಿಯಣ್ಣ ಕೂರಲಿಲ್ಲ.

“ಇನ್ನೊಂದಿದೆ. ನಿಲ್ದಾಣದಿಂದ ಆಸ್ಪತ್ರೆಗೆ ಹೋಗೋ ದಾರಿಯಲ್ಲಿ ಕೂರೋಕೆ ಒಂದು ಕಲ್ಲೂ ಇಲ್ಲ. ಕಾಲು ನೋವಿನವರು ಅಂಗಡಿ ಮುಂದೆ ನಿಂತು ಸಾಮಾನು ನೋಡೋ ಹಾಗೆ ಮಾಡ್ತಾರೆ. ನಾನು ಕಣ್ಣಾರೆ ಕಂಡೆ. ಅದೂ ನಿಜ. ಅದನ್ನ ಕೇಳಿ ನೀವು ನಿಲ್ದಾಣ ಅಲ್ಲಿಗೆ ಒಯ್ದ್ರೆ ನಾನು ಅಡ್ಡ ಮಲಗಲ್ಲ. ಆದ್ರೆ ಒಪ್ಪಿದೆ ಅಂತ ಬರೀಬೇಡಿ. ನಾನು ಒಪ್ಪಿಲ್ಲ.”

ಕೋಣೆಯಲ್ಲಿ ಗುಸುಗುಸು ಎದ್ದಿತು. ಅಧಿಕಾರಿ ಗುಮಾಸ್ತ ಬರೆದು ಮುಗಿಸುವವರೆಗೆ ಕಾದು, ಮುಂದಿನವರು ಎಂದರು. ಮುಂದಿನವರು ಆ ಬದಿಯ ಮೊದಲ ಬೆಂಚಿನವರು.

ಅಕ್ಕ ಬೆಂಚು ಹಿಡಿದು ಎದ್ದಳು. “ಈಗ ಮಾತಾಡಿದವನು ನನ್ನ ತಮ್ಮ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ಅಂಗಡಿಗೆ ಪೆಟ್ಟು ಬೀಳ್ತದೆ. ಆದ್ರೂ ನಿಲ್ದಾಣ ಆಸ್ಪತ್ರೆ ಮುಂದೇನೇ ಬೇಕು. ನನಗೆ ನಡೆಯೋಕಾಗಲ್ಲ,” ಎಂದಳು. ನಡೆಯೋಕಾಗಲ್ಲ ಎಂಬ ಮಾತನ್ನು ಅವಳು ಯಾರ ಮುಂದೆಯೂ ಅದುವರೆಗೆ ಆಡಿರಲಿಲ್ಲ. ಆಡಿದವಳೇ ಅದನ್ನು ಕೇಳಿ ಬೆಚ್ಚಿದ ಹಾಗೆ ಕಂಡಳು, ಬೇಗ ಕೂತಳು.

ಹೊರಗೆ ಶಾಲೆಯ ಮೆಟ್ಟಿಲಿಳಿಯುವಾಗ ಅವನು ಅವಳ ತೋಳು ಹಿಡಿದ. ಬೀದಿಯವರು ಅವರಿಬ್ಬರನ್ನೂ ಸುತ್ತು ಬಳಸಿ ದಾಟಿ ಹೋದರು.

“ಹುಟ್ಟಿದಾಗಿಂದ ಮೊದಲ ಸಲ ಬೇಡ ಅಂದೆ,” ಅಂದಳು ಅಕ್ಕ. “ಅದೂ ನನಗೆ.”

“ನಿನಗಲ್ಲ. ಬಸ್ಸಿಗೆ.”

“ಬಸ್ಸಿನಲ್ಲಿ ಯಾರೋ ಇರೋದು?”

ಕೇಳಿದವಳೇ ಮುಂದಿನ ಮೆಟ್ಟಿಲಿಗೆ ಅವನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ವರದಿ ಮೇಲಕ್ಕೆ ಹೋಯಿತು. ಮೇಲಿನವರು ಅದನ್ನು ಎಷ್ಟು ಓದಿದರೋ ಎಷ್ಟು ಮಡಚಿದರೋ, ಆದೇಶ ಮಾತ್ರ ಬಂತು. ನಿಲ್ದಾಣ ಆಸ್ಪತ್ರೆಯ ಗೇಟಿಗೆ. ಬೀದಿಯ ಒಡಕು ದನಿಯೇ ಕೆಡಿಸಿತು ಎಂದು ಯಜಮಾನರು ಸ್ವಲ್ಪ ದಿನ ಚಪ್ಪಲಿಯಣ್ಣನ ಜೊತೆ ಮಾತು ಬಿಟ್ಟರು. ಆದರೆ ಬಸ್ಸಿಳಿಯುವ ಗಲಾಟೆಯಲ್ಲಿ ಯಾರೂ ಬಕೆಟ್ಟು ಒಡೆದುಕೊಂಡು ಅವರ ಅಂಗಡಿಗೆ ಓಡಿ ಬಂದದ್ದಿಲ್ಲವಾದ್ದರಿಂದ ಅವರ ವ್ಯಾಪಾರ ಇದ್ದ ಹಾಗೇ ಇತ್ತು. ಕೋಪಕ್ಕೆ ಬಹಳ ದಿನ ಕಾವು ಉಳಿಯಲಿಲ್ಲ. ಪೆಟ್ಟು ಬಿದ್ದದ್ದು ಚಪ್ಪಲಿಯಣ್ಣನಿಗೆ ಮಾತ್ರ. ಕಂಬ ಕಿತ್ತ ಗುಂಡಿಗೆ ಮಣ್ಣು ತುಂಬಿ ಹೋದ ಮೇಲೆ, ಬಸ್ಸುಗಳು ಅವನ ಬಾಗಿಲ ಮುಂದೆಯೇ ನಿಲ್ಲದೆ ಹಾದು ಹೋಗುತ್ತಿದ್ದವು. ಸದ್ದು ಕೇಳಿ ಮೆಟ್ಟಿಲಿಗೆ ಬರುವುದು ಬಿಡಲು ಅವನಿಂದಾಗಲಿಲ್ಲ. ಬರುತ್ತಿದ್ದ, ಕಿಟಕಿಗಳಲ್ಲಿ ಮುಖಗಳು ಸರಿದು ಹೋಗುತ್ತಿದ್ದವು. ಕಾಲುಗಳು ಕಾಣುತ್ತಿರಲಿಲ್ಲ.

ಅಕ್ಕನೂ ಬರಲಿಲ್ಲ. ಅವಳ ವಾರದ ದಿನ ಬಂತು, ಹೋಯಿತು. ಇನ್ನೊಂದೂ ಹೋಯಿತು. ಗೇಟಿನಲ್ಲೇ ಇಳಿದು ಗೇಟಿನಲ್ಲೇ ಹತ್ತುವವಳು ಇಲ್ಲಿಗೆ ಯಾಕೆ ಬಂದಾಳು ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೆಂಡತಿ ಫೋನು ಮಾಡಿ ಎಂದಳು. ಮಾಡಿದರೆ ಏನು ಹೇಳುವುದು? ನಾನು ಬೇಡ ಅಂದದ್ದನ್ನು ಪಡೆದುಕೊಂಡು ಸುಖವಾಗಿದ್ದೀಯಾ ಎಂದೇ? ಏಣಿಯ ಮೆಟ್ಟಿಲುಗಳು ಆ ದಿನಗಳಲ್ಲಿ ಬಹಳ ಸವೆದವು.

ಆಮೇಲಿನ ವಾರ, ಮಧ್ಯಾಹ್ನ ಇಳಿಯುವ ಹೊತ್ತಿಗೆ, ಅವನು ಮೆಟ್ಟಿಲಲ್ಲಿ ನಿಂತಿದ್ದಾಗ ಬೀದಿಯ ಆ ತುದಿಯಲ್ಲಿ ಯಾರೋ ಪಾತ್ರೆ ಅಂಗಡಿಯ ಮುಂದೆ ನಿಂತು ಬಕೆಟ್ಟು ನೋಡುತ್ತಿರುವುದು ಕಂಡಿತು. ಒಂದು ಕೈ ಗೋಡೆ ಹಿಡಿದಿತ್ತು. ಅವನು ಓಡಿದ.

ಅಕ್ಕನ ಹಣೆಯಲ್ಲಿ ಬೆವರು. ಅವನ ತೋಳಿಗೆ ಜೋತು ಬಿದ್ದು ಅಂಗಡಿಯವರೆಗೂ ಬಂದಳು. ಬೆಂಚಿನ ಮೇಲೆ ಕೂತು, ಕಾಲು ನೀಡಿ, ನೀರು ಕುಡಿದು, ಲೋಟವನ್ನು ಅವನ ಕೈಗಿಟ್ಟಳು. ಈಗ ಬಸ್ಸಿಳಿದ ತಕ್ಷಣ ವ್ಯಾಯಾಮ, ವ್ಯಾಯಾಮ ಮುಗಿದ ತಕ್ಷಣ ಬಸ್ಸಂತೆ. ಎರಡು ವಾರ ಹಾಗೇ ಹೋಗಿ ಬಂದು ನೋಡಿದಳಂತೆ. ಮನೆಗೆ ಬೇಗ ತಲುಪಿ ಗೋಡೆ ನೋಡುತ್ತಾ ಕೂತಿದ್ದಳಂತೆ. ಇವತ್ತು ಬಸ್ಸು ಬಂದರೂ ಹತ್ತದೆ ಈ ಕಡೆಗೆ ಹೆಜ್ಜೆ ಹಾಕಿದ್ದಳು. ನಡೆಯೋಕಾಗಲ್ಲ ಎಂದು ತಪ್ಪಿಸಿಕೊಂಡ ದಾರಿಯನ್ನೇ ಈಗ ಚಿಕಿತ್ಸೆ ಆದ ಮೇಲೆ ತಾನಾಗಿ ನಡೆದಂತಾಗಿತ್ತು.

“ಇಷ್ಟಕ್ಕೆ ನಗರಸಭೆಯವರೆಲ್ಲ ಎರಡೆರಡು ಸಭೆ ಮಾಡ್ಬೇಕಿತ್ತಾ?” ಅಂದ ಅವನು.

“ನಿಲ್ದಾಣ ಅಲ್ಲಿಗೆ ಒಯ್ದ್ರು, ಒಳ್ಳೇದೇ ಆಯ್ತು. ಆ ಊರುಗೋಲಿನವಳು ಈಗ ನಗ್ತಾ ಬರ್ತಾಳೆ,” ಎಂದಳು ಅಕ್ಕ, ಮಂಡಿ ಒತ್ತಿಕೊಳ್ಳುತ್ತಾ. “ನಿನ್ನ ಅಂಗಡಿ ಯಾಕೋ ಇಲ್ಲೇ ಬಿಟ್ಟು ಹೋದ್ರು?”

“ಅದನ್ನ ಯಾರೂ ಕೇಳಲಿಲ್ಲ.”

“ಕೇಳದೇ ಹೇಳೋಕಾಗಲ್ವಾ? ಆ ಗೇಟಿನ ಪಕ್ಕ ಗೋಡೆಗೆ ಹೊಂದಿಕೊಂಡು ಅಷ್ಟು ಜಾಗ ಸುಮ್ನೆ ಬಿದ್ದಿದೆ. ಯಾರದು ಅಂತ ಕೇಳಿದೀಯಾ?”

ಅವನು ಕೇಳಿರಲಿಲ್ಲ. ಆ ಕಡೆಗೆ ಹೋಗಿಯೇ ಇರಲಿಲ್ಲ, ಸಿಟ್ಟಿನಲ್ಲಿ. ನಗರಸಭೆಯ ಬಾಗಿಲು ಮುಚ್ಚಲು ಇನ್ನೂ ಹೊತ್ತಿದೆ ಎಂದು ಗೋಡೆ ಗಡಿಯಾರ ಹೇಳುತ್ತಿತ್ತು. ಅವನು ಲೋಟ ಕೆಳಗಿಟ್ಟ, ಎತ್ತಿದ, ಮತ್ತೆ ಕೆಳಗಿಟ್ಟ.

“ಸ್ವಲ್ಪ ಅಂಗಡಿ ನೋಡ್ಕೊಂಡಿರ್ತೀಯಾ?”

“ನೋಡೋಕೆ ಯಾರು ಬರ್ತಾರೆ?” ಎಂದಳು ಅಕ್ಕ. ಅಷ್ಟರಲ್ಲಿ ಅವನು ಮೆಟ್ಟಿಲಿಳಿದು ಅರ್ಧ ಬೀದಿ ದಾಟಿದ್ದ. ಅವಳು ಕಾಲನ್ನು ಇನ್ನಷ್ಟು ನೀಡಿಕೊಂಡು, ಬೆಂಚಿಗೆ ಒರಗಿ, ಬಾಗಿಲ ಕಡೆ ಮುಖ ಮಾಡಿ ಕೂತಳು. ಅವನು ಬರುವುದು ತಡವಾದರೆ ಆಗಲಿ, ಬಸ್ಸು ಹಿಡಿಯುವ ಅವಸರ ಅವಳಿಗೆ ಇರಲಿಲ್ಲ.